ಐದನೇ ಪಟ್ಟಿ

ಅಣ್ಣ ಸತ್ತು ಹದಿನಾರು ದಿನವಾಗಿತ್ತು. ತಮ್ಮನ ಕಣ್ಣಿಂದ ಒಂದು ಹನಿಯೂ ಉದುರಿರಲಿಲ್ಲ. ಕಲ್ಲೆದೆಯವನು ಎಂದರು ನೆಂಟರು. ಎದೆ ಕಲ್ಲೂ ಆಗಿರಲಿಲ್ಲ, ಬೆಣ್ಣೆಯೂ ಆಗಿರಲಿಲ್ಲ, ಸುಮ್ಮನೆ ಮರಗಟ್ಟಿತ್ತು. ಊಟ ಇಟ್ಟರೆ ಉಣ್ಣುತ್ತಿದ್ದ, ದೀಪ ಆರಿಸಿದರೆ ಮಲಗುತ್ತಿದ್ದ. ಈಗ ಅಣ್ಣನ ಹಳೇ ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ತುಕ್ಕು ಕೆರೆಯುತ್ತಿದ್ದ. ಮೆಕ್ಯಾನಿಕ್ ಅವನು, ಕೆಲಸಕ್ಕೆ ಕೈ ಸಾಕು, ಎದೆ ಬೇಕಿರಲಿಲ್ಲ.

ಅಣ್ಣ ಆ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುತ್ತಿದ್ದ. ಇನ್ನು ಮುಂದೆ ತಾನೇ ಹಾಕುತ್ತೇನೆಂದು ಅತ್ತಿಗೆ ಹೊರಟಿದ್ದಳು. ಗಾಡಿ ನಾಳೆ ಬೆಳಿಗ್ಗೆ ತಪಾಸಣೆಯಲ್ಲಿ ಪಾಸಾಗಬೇಕು. ಇಲ್ಲವಾದರೆ ಅದು ಗುಜರಿಗೆ, ಅಂಗಡಿಗಳು ಬೇರೆಯವರ ಪಾಲಿಗೆ.

ಮುಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳು ಒಣ ತೊಗಟೆಯಂತೆ ಪದರ ಪದರವಾಗಿ ಏಳುತ್ತಿದ್ದವು. ವರ್ಷಕ್ಕೊಮ್ಮೆ ಅಣ್ಣ ಅವುಗಳ ಮೇಲೆ ಕರಿ ಬಣ್ಣ ಬಳಿಯುತ್ತಿದ್ದ. "ಕಾಣದಿದ್ರೆ ಇಲ್ಲ ಅಂತಲೇ" ಎನ್ನುತ್ತಿದ್ದ ಪುಣ್ಯಾತ್ಮ. ಬೋಲ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಮ್ಮ ಎಣ್ಣೆ ಬಿಟ್ಟ, ಬೆಂಕಿ ಹಿಡಿದ, ಕೊನೆಗೆ ಕೊಯ್ದೇ ತೆಗೆದ. ಹೊಸ ಪಟ್ಟಿಗಳನ್ನು ಜೋಡಿಸಿದ: ಎಡಗಡೆ ನಾಲ್ಕು, ಡ್ರೈವರ್ ಕಡೆ ಐದು.

ಜಾಕಿ ಇಳಿಸಿ ಎದ್ದು ನಿಂತು ನೋಡಿದ. ಡ್ರೈವರ್ ಕಡೆ ನಾಲ್ಕು ಬೆರಳು ಎತ್ತರಕ್ಕಿತ್ತು. ಸರಿಯಾಗಿದೆ ಎಂದುಕೊಂಡು ಕೈ ಒರೆಸಿಕೊಂಡ.

ಇಪ್ಪತ್ತು ವರ್ಷ ಅದೇ ಸರಿಯಾಗಿತ್ತು. ಅಣ್ಣನದು ಸಣ್ಣ ಮೈಯಲ್ಲ. ಬೀದಿಯವರು ಕರೆಯುತ್ತಿದ್ದದ್ದೇ ಮೂಟೆ ಎಂದು. ಅವನು ಹತ್ತಿದರೆ ಗಾಡಿ ವಾಲುತ್ತದೆಂದು ತಮ್ಮನೇ ಆ ಕಡೆಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿದ್ದ. ಖಾಲಿ ನಿಂತರೆ ವ್ಯಾನು ಸೊಟ್ಟ, ಅಣ್ಣ ಕೂತರೆ ನೆಟ್ಟಗೆ. ತಪಾಸಣೆಯಲ್ಲೂ ಆಸಾಮಿ ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. "ಮಂಡಿ ನೋವು ಸಾಹೇಬ್ರೇ" ಎಂದು ಕೂತಲ್ಲಿಂದಲೇ ಪಾಸು ಮಾಡಿಸಿಕೊಂಡು ಬರುತ್ತಿದ್ದ.

"ಆಯ್ತಾ?" ಎನ್ನುತ್ತಾ ಅತ್ತಿಗೆ ಬಂದಳು.

"ಆಯ್ತು. ಹತ್ತಿ ನೋಡಿ."

ಅತ್ತಿಗೆ ಕಡ್ಡಿಯಂಥವಳು. ಹತ್ತಿ ಕೂತಳು. ತಮ್ಮ ದೂರದಲ್ಲಿ ನಿಂತು ನೋಡಿದ. ನೋಡುತ್ತಲೇ ಇದ್ದ.

"ಏನ್ ಕಾಯ್ತಾ ಇದ್ದೀಯ?"

"ಗಾಡಿ ಇಳೀಲಿ ಅಂತ."

ಅತ್ತಿಗೆ ಕಿಟಕಿಯಿಂದ ಬಗ್ಗಿ ಚಕ್ರದ ಕಡೆ ನೋಡಿದಳು. "ಈ ಕಡೆ ಎಷ್ಟು ಪಟ್ಟಿ ಹಾಕ್ದೆ?"

"ಐದು."

"ನನಗೆ ನಾಲ್ಕು ಸಾಕು ಕಣೋ."

ಹೌದಲ್ಲ ಎಂದುಕೊಂಡ, ಅಷ್ಟೇ. ಕೆಲಸ ಎರಡಾಯಿತೆಂಬ ಬೇಸರವೂ ಬರಲಿಲ್ಲ. ಮತ್ತೆ ಜಾಕಿ ಏರಿಸಿ, ಬೋಲ್ಟು ಬಿಚ್ಚಿ, ಐದನೆಯದನ್ನು ಹೊರಗೆಳೆದು ಗೋಡೆಗೆ ಒರಗಿಸಿದ. ಉಳಿದವನ್ನು ಬಿಗಿದು ಗಾಡಿ ಇಳಿಸಿದ. ಚಕ್ರದ ಪಕ್ಕ ಮೊಣಕಾಲೂರಿ, "ಇನ್ನೊಂದ್ಸಲ ಹತ್ತಿ" ಎಂದ.

ಬಾಗಿಲು ತೆರೆದ ಸದ್ದಿಗೆ ಅವನ ಮೊಣಕಾಲು ಥಟ್ಟನೆ ಹಿಂದೆ ಸರಿಯಿತು. ಹಿಂದೊಮ್ಮೆ ಅಣ್ಣ ಹತ್ತುವಾಗ ಮೆಟ್ಟಿಲು ಧಡಕ್ಕನೆ ಇಳಿದು ಆ ಮೊಣಕಾಲಿಗೆ ಬಡಿದಿತ್ತು. ಅಂದಿನಿಂದ ಅದು ಹೇಳಿಸಿಕೊಳ್ಳದೆಯೇ ಸರಿಯುತ್ತಿತ್ತು. ಅತ್ತಿಗೆ ಹತ್ತಿ ಕೂತಳು. ಮೆಟ್ಟಿಲು ಇದ್ದಲ್ಲೇ ಇತ್ತು.

"ನೆಟ್ಟಗಿದೆಯಾ?"

"ಇದೆ" ಎಂದ. ಆ ಮಾತಿನ ಹಿಂದೆಯೇ ಅಳು ಬಂತು. ಅಣ್ಣ ಇನ್ನಿಲ್ಲವೆಂದು ಹದಿನಾರು ದಿನ ಎಲ್ಲರೂ ಹೇಳಿದ್ದರು. ಅವನಿಗೆ ಗೊತ್ತಾದದ್ದು ಈಗ.

ಅತ್ತಿಗೆ ಕಿಟಕಿಯಿಂದ ಬಾಗಿ ಅವನ ತಲೆಯ ಮೇಲೆ ಕೈಯಿಟ್ಟಳು.

"ಅತ್ತುಬಿಡು" ಎಂದಳು. "ನಾಳೆ ನಾನು ಕೆಳಗಿಳಿದು ನಿಲ್ತೀನಿ. ಖಾಲಿ ಗಾಡಿನೇ ನೋಡ್ಕೊಳ್ಲಿ ಸಾಹೇಬ್ರು."