ಒಣಗಲು ಹಾಕಿದ ಪುಸ್ತಕಗಳು

"ಕೈ ತೆಗಿಯೇ! ಮೀನು ಮುಟ್ಟಿದ ಕೈಯಲ್ಲೇ ಪುಸ್ತಕ ಮುಟ್ತೀಯಲ್ಲೇ, ಹೊಲಸು ಮುಂಡೇದೇ! ಇಡೀ ಕೋಣೆ ನಾತ ಹೊಡೀತದೆ!"

ಶಾಲೆಯ ಕಿಟಕಿಯಿಂದ ಬಂದ ಈ ಬೈಗುಳಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ನಾಗಿ ಗಕ್ಕನೆ ನಿಂತಳು. ತಲೆಯ ಮೇಲೆ ಬಂಗಡೆ ಮೀನಿನ ಬುಟ್ಟಿ. ಬೈಯುತ್ತಿದ್ದವರು ಹೆಡ್‌ಮಾಸ್ತರ ದೇವಾನಂದರು. ಬೈಸಿಕೊಳ್ಳುತ್ತಿದ್ದವಳು ಬೇರೆ ಯಾರೂ ಅಲ್ಲ, ಆರನೇ ಇಯತ್ತೆಯಲ್ಲಿ ಓದುವ ಅವಳ ಮಗಳೇ, ಪೂರ್ಣಿಮಾ. ನಾಗಿ ಗೇಟು ನೂಕಿ ಒಳಗೆ ನಡೆದಳು.

"ಏ ಏ ಏ, ಅಲ್ಲೇ ನಿಲ್ಲು! ಬುಟ್ಟಿ ಗೇಟಿನ ಹೊರಗಿಡು!" ಮಾಸ್ತರರು ಜಗಲಿಗೆ ಬಂದು ಕೈ ಬೀಸಿದರು. "ಇದು ಶಾಲೆ, ಮೀನುಪೇಟೆ ಅಲ್ಲ."

"ನಮ್ಮ ಹುಡ್ಗಿ ಎಂತಾ ಮಾಡ್ತು ಮಾಸ್ತರ್ರೇ?"

"ಧೂಳು ಹೊಡೀಲಿಕ್ಕೆ ಅಂತ ಕಪಾಟು ತೆಗೆದ್ರೆ ಪುಸ್ತಕ ಎಳಕೊಂಡು ಕೂತಿದ್ದಾಳೆ. ಬೆಳಿಗ್ಗೆ ಸಿಗಡಿ ಸುಲಿದು ಬರೋದು, ಅದೇ ಕೈಯಲ್ಲಿ ಸರಸ್ವತಿಯನ್ನ ಮುಟ್ಟೋದು! ಸೋಮವಾರ ಓದಿನ ಹಬ್ಬ, ಕಾರವಾರದಿಂದ ಶಿಕ್ಷಣ ಇಲಾಖೆ ಸಾಹೇಬರು ಬರ್ತಾರೆ. ಅವರ ಮೂಗಿಗೆ ಈ ನಾತ ಬಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಆವತ್ತು ನಿಮ್ಮ ಕೇರಿ ಮಕ್ಕಳನ್ನ ಕಳಿಸ್ಬೇಡಿ."

"ಆಯ್ತವಾರ ಬಂತಂದ್ರೆ ನಿಮ್ಮನೆಗೆ ನನ್ನ ಬಂಗಡೆಯೇ ಬೇಕಲ್ರಾ! ತಿಂಬೂಕೆ ಆತದೆ, ಮುಟ್ಟೂಕೆ ಆಗೂದಿಲ್ಲ?"

"ಬಾಯಿ ಮುಚ್ಕೊಂಡು ಹೋಗು! ಅಕ್ಷರ ಬರದವಳಿಗೆ ಮಾತೊಂದು ಕೇಡು."

ಹೇಳುವುದು ವೇದ, ಹಾಕುವುದು ಗಾಳ. ಮಾಸ್ತರರ ತಲೆಯ ಮೇಲೆಯೇ, ಗೋಡೆಯಲ್ಲಿ, ಹಬ್ಬಕ್ಕೆಂದು ಹೊಸದಾಗಿ ಬರೆಸಿದ್ದರು: 'ಓದುವ ಮಗು ನಾಡಿನ ನಗು'. ನಾಗಿಗೆ ಅದು ಓದಲು ಬಾರದು. ಮಗಳನ್ನು ಕರೆದುಕೊಂಡು ಗೇಟು ದಾಟುವಾಗ ಅವಳೇ ಬಿಕ್ಕುತ್ತ ಓದಿ ಹೇಳಿದಳು.

ಪೂರ್ಣಿಮಾಳಿಗೆ ಓದಿನ ಹುಚ್ಚು ಹತ್ತಿದ್ದು ಈ ಶಾಲೆಯಿಂದಲ್ಲ, ರದ್ದಿಯಿಂದ. ಒಣಮೀನು ಕಟ್ಟಿಕೊಡಲು ನಾಗಿ ಅಂಕೋಲೆ ಪೇಟೆಯಿಂದ ಹಳೇ ಪೇಪರು ತರುತ್ತಿದ್ದಳು. ಸಂಜೆ ಅವಳು ಮೀನಿಗೆ ಉಪ್ಪು ಹಾಕುತ್ತಿದ್ದರೆ ಮಗಳು ಅದರೊಳಗಿನ ಕತೆಗಳನ್ನು ಗಟ್ಟಿಯಾಗಿ ಓದುವಳು. ಪಕ್ಕದ ಮನೆಯ ಗಂಗಿಯೂ ಬಂದು ಕೂರುವಳು. ಆದರೆ ರದ್ದಿಯ ಕತೆಗೆ ತಲೆಯಿದ್ದರೆ ಬಾಲವಿಲ್ಲ. ಉಳಿದ ಪುಟ ಯಾರ ಮನೆಗೆ ಮೀನಿನ ಜೊತೆ ಹೋಯಿತೋ ದೇವರೇ ಬಲ್ಲ. "ಥೋ ಇದ್ರ! ಮುಂದೆಂತಾ ಆಯ್ತೇ?" ಎಂದು ಗಂಗಿ ದಿನಾ ಹಲುಬುವಳು. ಕಡೆತನಕ ಓದಿದ ಕತೆ ಆ ಮನೆಯಲ್ಲಿ ಒಂದೂ ಇರಲಿಲ್ಲ.

"ಆ ಪುಸ್ತಕದಲ್ಲಿ ಎಂತಾ ಇತ್ತೇ?" ಮನೆ ಮುಟ್ಟಿದ ಮೇಲೆ ನಾಗಿ ಕೇಳಿದಳು.

"ಒಂದು ಹುಡ್ಗಿ, ಆಯಿ. ಅಪ್ಪನ್ನ ಹುಡ್ಕೂಕೆ ಗಾಳಿಮಳೆಲಿ ಒಬ್ಳೇ ದೋಣಿ ತಕಂಡು ಹೋಗ್ತದೆ. ದೋಣಿ ಮಗುಚ್ತು ಅನ್ನೂವರೆಗೆ ಓದಿದ್ದೆ. ಮಾಸ್ತರು ಕಸಕಂಡ್ರು."

"ಹುಡ್ಗಿ ಬದುಕ್ತಾ?"

"ಗೊತ್ತಿಲ್ಲ ಆಯಿ." ಪೂರ್ಣಿಮಾಳ ಅಳು ಮತ್ತೆ ಒತ್ತರಿಸಿ ಬಂತು.

ನಾಗಿ ಮಗಳ ಕಣ್ಣೊರೆಸಿದಳು. ಅವಳ ಗಂಡನೂ ಕಾರವಾರದಲ್ಲಿ ಟ್ರಾಲರ್ ಹತ್ತುವವನೇ. "ಅಳಬೇಡ ಮಗಾ," ಅಂದಳು. "ಆ ಕತೆ ಕಡೆತನಕ ನೀ ಓದ್ತೆ, ನಾ ಕೇಳ್ತೆ. ಅದ್ಯಾರು ಬೇಡ ಅಂತ್ರೋ ನಾನೂ ನೋಡ್ತೆ."

ಸೋಮವಾರ ಶಾಲೆಯಂಗಳದಲ್ಲಿ ಶಾಮಿಯಾನ, ಮೈಕು, ಕುರ್ಚಿಯಲ್ಲಿ ಸಾಹೇಬರು. ಕೇರಿಯ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ನಾಗಿ, ಗಂಗಿ, ಇನ್ನಷ್ಟು ಹೆಂಗಸರು ಗೇಟಿನೊಳಗೆ ಬಂದು ನಿಂತರು. ಕಂಕುಳಲ್ಲಿ ಖಾಲಿ ಬುಟ್ಟಿ. ಮಾಸ್ತರರು ಹಲ್ಲು ಕಡಿದರು. ಸಾಹೇಬರ ಎದುರಿಗೆ ಬೈಯುವ ಹಾಗಿರಲಿಲ್ಲ.

ಓದಲು ನಿಂತವನು ಕಂತ್ರಾಟುದಾರನ ಮಗ ರೋಷನ. ವಾರವಿಡೀ ಒಂದೇ ಪುಟ ಬಾಯಿಪಾಠ ಮಾಡಿಸಿದ್ದರು. ಹುಡುಗ ಪುಸ್ತಕ ಹಿಡಿದು, ಆಕಾಶ ನೋಡುತ್ತ, ಗಡಗಡ ಒಪ್ಪಿಸಿದ.

"ಭೇಷ್!" ಅಂದರು ಸಾಹೇಬರು. "ಮುಂದಿನ ಪುಟ ಓದು ಮಗು."

ರೋಷನ ಹಾಳೆ ಮಗುಚಲು ನೋಡಿದ. ಬರಲಿಲ್ಲ. ಉಗುರು ಹಾಕಿ ಎಳೆದ. ಹಾಳೆ ಪರ್ರೆಂದು ಹರಿದು ಬಿಳಿ ಬೂಷ್ಟು ಹಾರಿತು. ಸಾಹೇಬರು ಸೀನಿದರು. ಕೀಲಿ ಹಾಕಿದ ಆ ಕಪಾಟು ಎಷ್ಟೋ ಮಳೆಗಾಲಗಳ ಥಂಡಿ ಕುಡಿದು ಕೂತಿತ್ತು.

ಮಾಸ್ತರರ ಮುಖ ಕಪ್ಪಿಟ್ಟಿತು. "ಮೀನಿನವರ ಮಕ್ಕಳು ಮುಟ್ಟಿ ಮುಟ್ಟಿ ಹೀಗಾಗಿದೆ ಸರ್. ಒದ್ದೆ ಕೈ, ಹೊಲಸು ಕೈ. ಎಷ್ಟು ಹೇಳಿದ್ರೂ ಕೇಳೋದಿಲ್ಲ."

ನಾಗಿ ಗುಂಪಿನಿಂದ ಮುಂದೆ ಬಂದಳು.

"ಸುಳ್ಳು ಬೊಗಳ್ಬೇಡಿ!" ಅಂದಳು. ಮೈಕಿಲ್ಲದೆಯೂ ಅವಳ ದನಿ ರಸ್ತೆಗೆ ಕೇಳಿತು. "ನಮ್ಮ ಮಕ್ಳು ಮುಟ್ಟೂಕೆ ಬಿಟ್ಟಿದ್ರೆ ಇದು ಬೂಷ್ಟು ಹಿಡೀತಿತ್ತಾ? ಮುಟ್ಟದೇ ಕೊಳೆಸಿದವ್ರು ನೀವು!"

ಹಾಗೆನ್ನುತ್ತಲೇ ಅವಳು ಜಗಲಿ ಹತ್ತಿದಳು. ಹಬ್ಬಕ್ಕೆಂದು ಅಲ್ಲಿಗೆ ತಂದಿಟ್ಟಿದ್ದ ಕಪಾಟಿನ ಬಾಗಿಲು ತೆರೆದೇ ಇತ್ತು. ಮೀನಿನ ಬುಟ್ಟಿಯನ್ನು ಕೆಳಗಿಟ್ಟು ಪುಸ್ತಕಗಳನ್ನು ತಬ್ಬಿ ತಬ್ಬಿ ತುಂಬಿದಳು. ಗಂಗಿ ತನ್ನ ಬುಟ್ಟಿಯನ್ನೂ ಒಡ್ಡಿದಳು.

"ಏಯ್! ಕಳ್ಳ ರಂಡೆ! ಸರಕಾರದ ಸ್ವತ್ತು ಅದು! ಪೊಲೀಸರಿಗೆ ಹೇಳ್ತೇನೆ!" ಮಾಸ್ತರರು ಬುಟ್ಟಿಗೆ ಕೈ ಹಾಕಿದರು.

"ಹೇಳೋ ಬೋಳೀಮಗನೇ, ಯಾರಿಗೆ ಬೇಕಾದ್ರೂ ಹೇಳು!" ಗಂಗಿ ಅವರ ಕೈಯನ್ನು ತಳ್ಳಿದಳು. "ಸಾಹೇಬ್ರೇ, ನಾವು ಕದ್ದು ಓಡೂದಲ್ಲ, ಬಿಸ್ಲಿಗೆ ಒಣಗ್ಸೂಕೆ ಒಯ್ಯೂದು, ಕೇಳ್ಕಣಿ. ದಂಡೆ ಮೇಲೆ ಎಲ್ಲರ ಕಣ್ಣೆದುರಿಗೇ ಇರ್ತು."

ಸಾಹೇಬರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಕಾರಿನ ಕಡೆ ನೋಡಿದರು.

ದಂಡೆಯ ಮೇಲೆ ಹಳೇ ಬಲೆ ಹಾಸಿ ತಾರ್ಲೆ ಮೀನು ಒಣಗಿಸಲು ಹಾಕಿದ್ದರು. ಹೆಂಗಸರು ಮೀನನ್ನು ಒತ್ತರಿಸಿ ಜಾಗ ಮಾಡಿದರು. ಪುಸ್ತಕಗಳನ್ನು ಬಿಡಿಸಿ ಬಿಸಿಲಿಗೆ ಇಟ್ಟರು. ಒಣಗಿದ ಮಗ್ಗುಲನ್ನು ಮಗುಚಿ ಹಾಕುವುದು ಕೇರಿಯ ಮಕ್ಕಳಿಗೆ ನಡಿಗೆ ಬಂದಾಗಿನಿಂದ ಗೊತ್ತಿರುವ ಕೆಲಸ. ನಾಗಿ ಒಬ್ಬೊಬ್ಬರನ್ನು ಒಂದೊಂದು ಪುಸ್ತಕದ ಮುಂದೆ ಕೂರಿಸಿದಳು.

"ಒಂದು ಹಾಳೆ ಒಣಗ್ತಲ್ಲಾ, ಆಮೇಲೆ ಮಗುಚಿ," ಅಂದಳು. "ಮಗುಚೂ ಮೊದ್ಲು ಓದಿ. ಓದದೇ ಯಾರಾದ್ರೂ ಮಗುಚಿದ್ರೆ ಬೆನ್ನು ಮುರೀತೆ."

ಮಕ್ಕಳು ನಕ್ಕರು. ಕೆಲವರು ಸರಾಗ ಓದಿದರು, ಕೆಲವರು ಕಾಗುಣಿತ ಕೂಡಿಸಿ ತಡವರಿಸಿದರು. ಗಾಳಿಗೆ ಹಾಳೆ ಹಾರದಂತೆ ಗಂಗಿ ಚಿಪ್ಪುಗಳನ್ನು ಆರಿಸಿ ತಂದು ಹೇರಿದಳು. ನಾಗಿ ಕಾಗೆ ಓಡಿಸುವ ಕೋಲು ಹಿಡಿದು, ದೋಣಿ ಹುಡುಗಿಯ ಕತೆಯನ್ನೇ ಬಿಡಿಸಿಕೊಂಡಿದ್ದ ಪೂರ್ಣಿಮಾಳ ಪಕ್ಕ ಕೂತಳು.

ಗಾಳಿಮರಗಳ ಆಚೆ ಜೀಪು ಬಂದು ನಿಂತಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಮೊದಲು ಮಾಸ್ತರರು ಇಳಿದರು, ಹಿಂದೆ ಇಬ್ಬರು ಪೊಲೀಸರು. ಅವರ ಬೂಟುಗಳು ಉಸುಕಿನಲ್ಲಿ ಹುಗಿಯುತ್ತಿದ್ದವು. ಓದುವ ದನಿಗಳು ಒಂದೊಂದಾಗಿ ನಿಂತವು. ಹೆಂಗಸರು ಎದ್ದು ಮಕ್ಕಳ ಮುಂದೆ ಸಾಲಾಗಿ ನಿಂತರು.

"ಆಯಿ," ಪೂರ್ಣಿಮಾ ಸೆರಗು ಜಗ್ಗಿದಳು. "ಕಡೇ ಹಾಳೆ ಇನ್ನೂ ಬಿಟ್ಟಿಲ್ಲ. ಅಂಟ್ಕಂಡೇ ಅದೆ."

"ಬಿಡ್ತದೆ. ಬಿಸ್ಲು ಇನ್ನೂ ಉಂಟು." ನಾಗಿ ಕೋಲು ಹಿಡಿದೇ ಎದ್ದು ಸಾಲಿಗಿಂತ ಮುಂದೆ ಹೋಗಿ ನಿಂತಳು. "ನೀ ಬಾಯಿ ನಿಲ್ಲಿಸ್ಬೇಡ. ನಂಗೆ ಇಲ್ಲಿಗೆ ಕೇಳ್ಬೇಕು, ಗಟ್ಟಿ ಓದು."

ಬೆನ್ನ ಹಿಂದೆ ಮಗಳ ದನಿ ಶುರುವಾಯಿತು. ದೋಣಿ ಮಗುಚಿತ್ತು. ಹುಡುಗಿ ಹಲಗೆಯೊಂದನ್ನು ಹಿಡಿದು ಈಜುತ್ತಿದ್ದಳು.