ಬ್ರೇಕಮ್ಮನ ಕಾಲು

ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಅವಳನ್ನು ಎಲ್ಲರೂ ಕರೆಯುವುದೇ ಬ್ರೇಕಮ್ಮ ಎಂದು. ಕಲಿಸುವವರು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಅವಳ ಕಾಲು ಕದಲಿದ್ದನ್ನು ಕಂಡವರಿಲ್ಲ. ಕಾರು ಬಿಡಿ, ಬಸ್ಸಿನಲ್ಲಿ ಕೂತರೂ ಒತ್ತುತ್ತಾಳೆ, ಲಿಫ್ಟಿನಲ್ಲಿ ನಿಂತರೂ ಒತ್ತುತ್ತಾಳೆ. ನಿದ್ದೆಯಲ್ಲಿ ಗಂಡನ ಮೊಣಕಾಲನ್ನು ಒತ್ತಿದ್ದೂ ಉಂಟು. ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಗಟ್ಟಿಯಾದ ಮೈ ಅವನದು, ಪಾಪ, ಸಹಿಸಿಕೊಂಡಿದ್ದಾನೆ.

ಅವಳ ಶಿಷ್ಯವರ್ಗದಲ್ಲಿ ಎಲ್ಲರಿಗಿಂತ ದಡ್ಡಿ ಯಾರೆಂದರೆ ಡಾಕ್ಟರಮ್ಮ. ಬ್ರೇಕಮ್ಮನಿಗೆ ಸ್ತನ ಕ್ಯಾನ್ಸರ್ ಬಂದಾಗ ಚಿಕಿತ್ಸೆ ಕೊಟ್ಟು ಉಳಿಸಿದವರು ಇವರೇ. ಆಸ್ಪತ್ರೆಯಲ್ಲಿ ಹುಲಿ, ಸ್ಟಿಯರಿಂಗ್ ಹಿಡಿದರೆ ಇಲಿ. ಐವತ್ತು ದಾಟಿದ ಮೇಲೆ ಕಾರು ಕಲಿಯುವ ಹುಚ್ಚು ಹತ್ತಿತ್ತು. ಕಾರಿನಲ್ಲಿ ಅವರು ಇವಳನ್ನು ‘ಗುರುಗಳೇ’ ಅನ್ನುತ್ತಿದ್ದರು, ಇವಳು ಮುಲಾಜಿಲ್ಲದೆ ಗದರುತ್ತಿದ್ದಳು. ಆಸ್ಪತ್ರೆಯಲ್ಲಿ ಇದೆಲ್ಲ ಉಲ್ಟಾ.

ಹೋದ ವರ್ಷ ಆಸ್ಪತ್ರೆಯಲ್ಲೇ ಅವಳು ಬಾಯಿಬಿಟ್ಟಿದ್ದಳು. ಕಾಯಿಲೆ ಮರುಕಳಿಸದಿರಲಿ ಎಂದು ದಿನಾ ನುಂಗುವ ಹಾರ್ಮೋನ್ ಮಾತ್ರೆ ಇನ್ನೂ ವರ್ಷಗಟ್ಟಲೆ ಇತ್ತು. ಅದನ್ನು ನುಂಗುವಷ್ಟು ದಿನ ಬಸಿರಾಗುವಂತಿಲ್ಲ. ಮುಗಿಯುವ ಹೊತ್ತಿಗೆ ವಯಸ್ಸು ಕೈಬಿಟ್ಟಿರುತ್ತದೆ.

"ನಂಗೊಂದು ಮಗು ಬೇಕು ಡಾಕ್ಟ್ರೇ. ಮಾತ್ರೆ ಬಿಟ್ರೆ ಸಾಯ್ತೀನಾ?"

ಡಾಕ್ಟರಮ್ಮ ಹಳೆಯ ವರದಿಗಳನ್ನೆಲ್ಲ ತಿರುವಿಹಾಕಿ, ಹೊಸದಾಗಿ ಸ್ಕ್ಯಾನ್ ಮಾಡಿಸಿ, ಆಮೇಲೆ ಮಾತಾಡಿದ್ದರು. "ಮತ್ತೆ ಬರೋದೇ ಇಲ್ಲ ಅಂತ ಮಾತು ಕೊಡೋಕೆ ನಂಗಾಗಲ್ಲ. ಆದ್ರೆ ನಿಮ್ಮ ವಿಷಯದಲ್ಲಿ ಸ್ವಲ್ಪ ದಿನ ನಿಲ್ಲಿಸಿ ನೋಡಬಹುದು. ಮೊದಲ ಮೂರು ತಿಂಗಳು ಔಷಧಿ ಮೈಯಿಂದ ಹೋಗ್ಲಿ, ಆಮೇಲೆ ಪ್ರಯತ್ನ ಮಾಡಿ. ತಪಾಸಣೆ ಮಾತ್ರ ತಪ್ಪಿಸೋ ಹಾಗಿಲ್ಲ. ಮತ್ತೆ ಯಾವಾಗ ಶುರು ಮಾಡ್ಬೇಕು ಅನ್ನೋದನ್ನ ನಾನು ಹೇಳ್ತೀನಿ. ಆ ಚಿಂತೆ ನಂಗೆ ಬಿಡಿ."

ಬಿಡಿ ಎಂದರೆ ಬಿಡುವ ಜಾತಿಯೇ ಅದು? ಮಾತ್ರೆ ನಿಲ್ಲಿಸಿದ ದಿನದಿಂದ ಅವಳಿಗೆ ಕೆಮ್ಮಿದರೆ ಭಯ, ಬೆನ್ನು ಹಿಡಿದರೆ ಭಯ, ತಿಂಗಳ ಮುಟ್ಟು ಬಂದರೆ ಅಳು. ಗಂಡನೋ ಆಗಲೇ ಹುಟ್ಟುವ ಮಗುವಿನ ಕೇಕಿಗೆಂದು ಬೇಕರಿಯ ಸಣ್ಣ ಅಚ್ಚುಗಳನ್ನು ತಿಕ್ಕಿ ತೊಳೆದು ಎತ್ತಿಟ್ಟಿದ್ದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇಡ ಕಣ್ರೀ" ಅಂದರೆ, "ಕುಲಾವಿ ಎಲ್ಲಿ ಹೊಲಿಸಿದೀನಿ? ಕೇಕು ತಾನೇ" ಅನ್ನುತ್ತಿದ್ದ.

ಆವತ್ತು ಬೆಳಿಗ್ಗೆ ಅವಳು ಶಾಲೆಯ ಬಚ್ಚಲಲ್ಲಿ ಬಸಿರು ಪರೀಕ್ಷೆಯ ಕಡ್ಡಿ ಅದ್ದಿದಳು. ಹಿಂದಿನ ತಿಂಗಳುಗಳಲ್ಲೆಲ್ಲ ಒಂಟಿ ಗೆರೆಯನ್ನೇ ನೋಡಿ ಸಾಕಾಗಿತ್ತು. ಈ ಸಲ ನೋಡುವ ಧೈರ್ಯ ಬರಲಿಲ್ಲ. ಹೊರಗೆ ಡಾಕ್ಟರಮ್ಮ ಹಾರ್ನ್ ಹೊಡೆಯುತ್ತಿದ್ದರು. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ. ಕಡ್ಡಿಯನ್ನು ಕಾಗದದಲ್ಲಿ ಸುತ್ತಿ, ಓಡಿ ಬಂದು, ಕಾರಿನ ಮುಂದಿನ ಗೂಡಿಗೆ ತುರುಕಿದಳು. ಗಾಜು ಮಂಜಾದರೆ ಶಿಷ್ಯರೇ ಒರೆಸಬೇಕು ಎಂಬುದು ಅವಳದೇ ಕಟ್ಟಪ್ಪಣೆ, ಒರೆಸುವ ಬಟ್ಟೆ ಇರುವುದೂ ಆ ಗೂಡಿನಲ್ಲೇ. ಅದು ಅವಳಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ದೊಡ್ಡ ವೃತ್ತದ ಕೆಂಪು ದೀಪದಲ್ಲಿ ಗಾಜು ಮಂಜಾಯಿತು. ಅವಳು ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡುತ್ತಿದ್ದಾಗ ಡಾಕ್ಟರಮ್ಮ ಅಪ್ಪಣೆಯ ಪ್ರಕಾರ ಕೈಚಾಚಿ ಗೂಡು ತೆರೆದರು. ಬಟ್ಟೆಯ ಜೊತೆ ಕಾಗದವೂ ಬಂತು, ಬಿಚ್ಚಿಕೊಂಡಿತು.

"ಗುರುಗಳೇ, ಎರಡು ಗೆರೆ ಇದೆ," ಎಂದರು ಡಾಕ್ಟರಮ್ಮ.

ಬ್ರೇಕಮ್ಮ ಬ್ರೇಕ್ ಒತ್ತಿದಳು. ನಿಂತ ಕಾರಿನಲ್ಲೇ ಎರಡೂ ಕಾಲು ಊರಿ, ನೆಲ ತೂತಾಗುವ ಹಾಗೆ ಒತ್ತಿದಳು. ದೀಪ ಹಸಿರಾಯಿತು. ಹಿಂದೆ ಲಾರಿ ಬೊಬ್ಬೆ ಹೊಡೆಯಿತು, ಅದರ ಹಿಂದೆ ಬಸ್ಸು, ಅದರ ಹಿಂದೆ ಊರಿಗೆ ಊರೇ.

"ಕಾಲು ತೆಗೀರಿ."

"ಆಗ್ತಿಲ್ಲ ಡಾಕ್ಟ್ರೇ. ನಂಗೆ ಹೆದರಿಕೆ ಆಗ್ತಿದೆ."

"ಯಾವುದಕ್ಕೆ?"

"ಎಲ್ಲದಕ್ಕೂ. ಮಗು ನಿಲ್ಲದಿದ್ರೆ? ಮಗು ಬಂದು, ಅದರ ಹಿಂದೆ ಅದೂ ಬಂದ್ರೆ?"

ಡಾಕ್ಟರಮ್ಮ ಕಡ್ಡಿಯನ್ನು ಜೇಬಿಗಿಟ್ಟರು. "ಹೊತ್ತು ಮೀರಿದ ಕಡ್ಡಿಯನ್ನ ನಂಬಬಾರದು, ರಕ್ತ ಪರೀಕ್ಷೆ ಮಾಡೋಣ. ಉಳಿದದ್ದಕ್ಕೆ ನಾನಿದ್ದೀನಲ್ಲ. ಒತ್ತಬೇಕಾದಾಗ ಒತ್ತಿ ಅಂತ ನಾನೇ ಹೇಳ್ತೀನಿ. ಈಗ ತೆಗೀರಿ, ಆ ಲಾರಿಯವನು ಇಳಿದು ಬರ್ತಿದಾನೆ."

ಅವಳು ಕಾಲೆರಡನ್ನೂ ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಇಲ್ಲದಿದ್ದರೆ ಅವು ಮಾತು ಕೇಳುವ ಕಾಲುಗಳಲ್ಲ. ಡಾಕ್ಟರಮ್ಮ ಜೀವ ಕೈಯಲ್ಲಿ ಹಿಡಿದು, ಯಾರ ಬ್ರೇಕಿನ ಹಂಗೂ ಇಲ್ಲದೆ, ಮೊಟ್ಟಮೊದಲ ಬಾರಿ ಆಸ್ಪತ್ರೆಯವರೆಗೆ ಕಾರು ಓಡಿಸಿದರು. ಎರಡನೇ ಗೇರಿನಲ್ಲೇ ಓಡಿಸಿದರು, ಆ ಮಾತು ಬೇರೆ.

ರಕ್ತವೂ ಹೌದೆಂದಿತು. ಹೌದೆಂದ ಮೇಲೆ ಇಬ್ಬರಿಗೂ ಮೈಮೇಲೆ ಪ್ರಜ್ಞೆ ಇರಲಿಲ್ಲ. ಬೇಕರಿಗೆ ಹೋಗುವ ದಾರಿಯುದ್ದಕ್ಕೂ ಒಬ್ಬರು ನಕ್ಕರೆ ಇನ್ನೊಬ್ಬರು ಅಳುವುದು, ಇವರು ಅತ್ತರೆ ಅವರು ನಗುವುದು. ಬೇಕರಿಯ ಮುಂದೆ ಪೇರಿಸಿಟ್ಟ ಖಾಲಿ ಬ್ರೆಡ್ ತಟ್ಟೆಗಳು ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು. ಅವಳು ಚಕ್ಕಳಮಕ್ಕಳ ಬಿಚ್ಚಲಿಲ್ಲ. ಕಾರು ಮೆಲ್ಲಗೆ ಹೋಗಿ ಮುಟ್ಟಿತು, ತಟ್ಟೆಗಳೆಲ್ಲ ಧಡಧಡನೆ ಬೀದಿಪಾಲಾದವು.

ಗಂಡ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದ. ಸೀಟಿನ ಮೇಲೆ ಕಾಲು ಮಡಚಿ ಕೂತ ಹೆಂಡತಿಯನ್ನು ನೋಡಿ ನಿಂತುಬಿಟ್ಟ.

"ಏನಾಯ್ತೇ? ಬ್ರೇಕ್ ಒತ್ತಲಿಲ್ವಾ?"

"ಒತ್ತಲಿಲ್ಲ ಕಣ್ರೀ," ಎಂದು ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

ಮಧ್ಯಾಹ್ನದ ಪಾಠಕ್ಕೆ ಬಂದ ಶಿಷ್ಯರು ಅವಳ ನೀಲಿ ಸಮವಸ್ತ್ರದ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಕಂಡು ಒರೆಸುವ ಬಟ್ಟೆ ಕೊಡಲು ಹೋದರು. ಅವಳು ಬೇಡವೆಂದಳು.