ಪೈಪಿನ ತುದಿ

ಅತ್ತಿಗೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿತ್ತು. ಹಾಗಾಗಿ ಮನೆಯ ಹಿಂದಿನ ಚೀಸ್ ಕೋಣೆಗೆ ಹಾಲಿನ ಕ್ಯಾನು ಬಂದ ಕೂಡಲೇ ನಾದಿನಿ ಮುಚ್ಚಳ ತೆಗೆದು ಮೂಸುತ್ತಿದ್ದಳು. ಬಸುರಿ ಅವಳು, ಏಳು ತಿಂಗಳು ತುಂಬಿ ಎಂಟರಲ್ಲಿತ್ತು.

"ಹೇಗಿದೆಯೇ?"

"ಚೆನ್ನಾಗಿದೆ ಅತ್ತಿಗೆ. ನನ್ನ ಮೂಗಿಗೆ ಕೂಲಿ ಎಲ್ಲಿ?"

"ಕೂಲಿಯಂತೆ ಕೂಲಿ! ಮೂಸೋದು ಒಬ್ಬಳು, ತಿನ್ನೋದು ಇಬ್ಬರ ಪಾಲು."

ಕೂಲಿ ಎಂದರೆ ಹೊಸ ಚೀಸಿನ ಮೊದಲ ತುಂಡು. ಅದು ಅತ್ತಿಗೆಯ ಗಂಡನಿಗೂ ಸಿಗುತ್ತಿರಲಿಲ್ಲ.

ಅತ್ತಿಗೆ ಥರ್ಮಾಮೀಟರ್ ನೋಡಿಕೊಂಡೇ ಹಾಲು ಕಾಯಿಸುತ್ತಿದ್ದಳು. ಒಡೆದ ಹಾಲಿನ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನಿಂದ ತಣ್ಣೀರು ಬಿಟ್ಟು ತೊಳೆಯುತ್ತಿದ್ದಳು. ಪೈಪು ಮೊದಲು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರಿಂದ ತೊಟ್ಟಿಕ್ಕಿದ ನೀರಿನಲ್ಲಿ ನಾದಿನಿ ಒಂದು ದಿನ ಜಾರಿದಳು. ಮೇಜು ಹಿಡಿದು ಉಳಿದುಕೊಂಡಳು. ಅಂದಿನಿಂದ ಅತ್ತಿಗೆ ಕೆಲಸ ಮುಗಿದ ಮೇಲೆ ಪೈಪಿನ ತುದಿಯನ್ನು ನೆಲದ ಚರಂಡಿ ತೂತಿನೊಳಗೆ ಇಳಿಬಿಡತೊಡಗಿದಳು. ನೆಲ ಒಣಗಿಯೇ ಇರುತ್ತಿತ್ತು.

"ಈಗ ಬೇಕಾದ್ರೆ ಕುಣಿದಾಡು," ಎಂದಳು.

ನಾದಿನಿಗೆ ಜ್ವರ ಬಂತು. ದೊಡ್ಡದೇನಲ್ಲ, ಮೈಕೈ ನೋವು. ಆಮೇಲೆ ಮಗು ಒದೆಯುವುದು ನಿಂತಿತು. ಅದೇ ಚೀಸ್ ತಿಂದ ಉಳಿದವರಿಗೆ ಹೊಟ್ಟೆಯೂ ಕೆಡಲಿಲ್ಲ.

ಆಸ್ಪತ್ರೆಯವರು ತಿಳಿಸಿದ್ದರಿಂದ ಆರೋಗ್ಯ ಇಲಾಖೆಯವನು ಬಂದು ಹಾಲು, ನೀರು, ಚೀಸ್, ಚರಂಡಿ, ಪೈಪು ಎಲ್ಲದರ ಮಾದರಿ ಒಯ್ದ.

"ಮೂಗಿಲ್ಲದವಳ ಕೈಗೆ ಹಾಲು ಕೊಟ್ರೆ ಇನ್ನೇನಾಗುತ್ತೆ," ಎಂದಳು ನಾದಿನಿಯ ತಾಯಿ. ಅತ್ತಿಗೆ ಪಾತ್ರೆ ಉಜ್ಜುತ್ತಲೇ ಇದ್ದಳು.

ಇಲಾಖೆಯವನು ಮತ್ತೆ ಬಂದ. "ಹಾಲು ಸರಿಯಾಗಿದೆ, ನಲ್ಲಿ ನೀರೂ ಸರಿ. ಬ್ಯಾಕ್ಟೀರಿಯಾ ಚರಂಡೀದು. ಪೈಪಿನ ತುದಿಯಿಂದ ಚೀಸಿಗೆ ಹೋಗಿದೆ. ಬೇರೆಯವರಿಗೆ ಹೆಚ್ಚೇನೂ ಮಾಡಲ್ಲ, ಬಸುರಿಯ ಹೊಟ್ಟೇಲಿರೋ ಮಗುವಿಗೇ ಅಪಾಯ. ಇದಕ್ಕೆ ವಾಸನೆ ಇರಲ್ಲಮ್ಮ, ಯಾರ ಮೂಗಿಗೂ ಸಿಗಲ್ಲ. ಪೈಪನ್ನ ಯಾಕೆ ಅಲ್ಲಿ ಬಿಡ್ತಿದ್ರಿ?"

"ನೆಲ ಒದ್ದೆ ಆಗಬಾರದು ಅಂತ."

ಅವನು ಹೂಂ ಎಂದ. ಇರುವ ಚೀಸನ್ನೂ ಪೈಪನ್ನೂ ಎಸೆಯಲು ಹೇಳಿ ಹೊರಟ.

ಆಸ್ಪತ್ರೆಯಿಂದ ಬಂದ ನಾದಿನಿ ಚೀಸ್ ಕೋಣೆಯ ಬಾಗಿಲಲ್ಲಿ ನಿಂತಳು. ಅತ್ತಿಗೆ ಚೀಸ್ ಗಟ್ಟಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಪೈಪು ನನಗೋಸ್ಕರ ಅಲ್ಲವಾ ಅಲ್ಲಿಟ್ಟಿದ್ದು?"

"ಹೂಂ."

ನಾದಿನಿ ಒಳಗೆ ಬಂದು ಚೀಲದ ಬಾಯಿ ಅಗಲಿಸಿ ಹಿಡಿದಳು. ಇಬ್ಬರೂ ಸೇರಿ ತುಂಬಿದರು.

ಚೀಸ್ ಮೂವತ್ತೊಂದು ಗಟ್ಟಿ. ಕಾಯಿಸದೆ ಚೆಲ್ಲಿದ ಹಾಲು ಎರಡು ಕ್ಯಾನು. ರಬ್ಬರ್ ಪೈಪು ಒಂದು. ಮಗು ಒಂದು, ಹೆಣ್ಣು.